ಚಂದ್ರಗಿರಿಯ ಕೋಟೆಯೂ ಒಂದು ಹಳೆಯ ಪ್ರಶ್ನೆಯೂ

ಕಾಸರಗೋಡು ಜಿಲ್ಲೆಯಲ್ಲಿ ಹರಿಯುವ 12 ನದಿಗಳಲ್ಲಿ ಅತ್ಯಂತ ಉದ್ದವಾದುದು ಚಂದ್ರಗಿರಿ. ಕೊಡಗಿನ ಮಲೆಗಳಲ್ಲಿ ಹುಟ್ಟಿ, ಸುಳ್ಯದ ಕಡೆಯಿಂದ ಇಳಿದುಬರುವ ಪಯಸ್ವಿನಿಯನ್ನು ಕೂಡಿಕೊಂಡು, ಒಟ್ಟು 105 ಕಿಲೋಮೀಟರುಗಳಷ್ಟು ಹರಿದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಸಮುದ್ರಕ್ಕೆ ಸೇರುವ ಮೊದಲು ಕಾಸರಗೋಡು ಪಟ್ಟಣವನ್ನು ತೋಳಿನಿಂದ ಬಳಸಿದಂತೆ ಬಳಸಿಕೊಂಡು ಬರುತ್ತದೆ. ಈ ನದಿಯ ತೆಂಕಣ ದಡದಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 150 ಅಡಿ ಎತ್ತರದ ಗುಡ್ಡದ ಮೇಲೆ, ಏಳು ಎಕರೆಗಳಷ್ಟು ಜಾಗದಲ್ಲಿ ಒಂದು ಹಳೆಯ ಕೋಟೆ ಇದೆ. ಅದೇ ಚಂದ್ರಗಿರಿ ಕೋಟೆ.

ಸಮ್ಮೇಳನದ ಸ್ಮರಣ ಸಂಚಿಕೆಗೆ ಜಿಲ್ಲೆಯ ಚರಿತ್ರೆಗೆ ಸಂಬಂಧಪಟ್ಟ ಒಂದು ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದುದು ಈ ಕೋಟೆ. ಬೇಕಲದ ಕೋಟೆಯನ್ನು ಕುರಿತು ಬರೆದವರು ಹಲವರಿದ್ದಾರೆ. 1995ರಲ್ಲಿ ತೆರೆಗೆ ಬಂದ ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಹಾಡೊಂದು ಅಲ್ಲಿ ಚಿತ್ರೀಕರಣಗೊಂಡ ಮೇಲೆ ದೇಶದ ಮೂಲೆಮೂಲೆಯವರಿಗೂ ಬೇಕಲದ ಪರಿಚಯವಾಯಿತು. ಚಂದ್ರಗಿರಿಗೆ ಅಂಥ ಭಾಗ್ಯ ಬರಲಿಲ್ಲ. ಪಟ್ಟಣದಿಂದ ನಾಲ್ಕೈದು ಕಿಲೋಮೀಟರುಗಳೊಳಗೆ ಇದ್ದರೂ, ನಮ್ಮ ಸಂಘದ ಸದಸ್ಯರಲ್ಲಿಯೇ ಅದನ್ನು ಹತ್ತಿ ನೋಡಿದವರು ಎಷ್ಟು ಮಂದಿ ಎಂದು ಕೈ ಎತ್ತಿಸಿದರೆ ನಾವೆಲ್ಲರೂ ತಲೆ ತಗ್ಗಿಸಬೇಕಾದೀತು. ಆದರೆ ನಾನು ಈ ಕೋಟೆಯನ್ನು ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವೂ ಉಂಟು. ಬಹಳ ವರ್ಷಗಳ ಹಿಂದೆ ಈ ಕೋಟೆಯ ಮೇಲೆ ಒಬ್ಬ ವಿದ್ಯಾರ್ಥಿ ನನ್ನನ್ನು ಒಂದು ಪ್ರಶ್ನೆ ಕೇಳಿದ್ದ. ನಾನು ಉತ್ತರ ಕೊಟ್ಟಿರಲಿಲ್ಲ. ಆ ಬಾಕಿಯನ್ನು ತೀರಿಸುವ ಉದ್ದೇಶವೂ ಈ ಬರಹಕ್ಕಿದೆ.

ಮೊದಲ ದರ್ಶನ

ನಾನು ಈ ಕೋಟೆಯನ್ನು ಮೊದಲು ಕಂಡದ್ದು ಬಾಲ್ಯದಲ್ಲಿ, 1960ರ ದಶಕದ ಆರಂಭದಲ್ಲಿ. ಅಂದು ನಾವು ಹೊಳೆ ದಾಟಿದುದು ಕಡವಿನ ದೋಣಿಯಲ್ಲಿ. ತೀರ್ಥರೂಪರು ಯಾವುದೋ ವ್ಯವಹಾರದ ನಿಮಿತ್ತ ಆಚೆ ದಡಕ್ಕೆ ಹೊರಟಿದ್ದರು. ನಾನು ಹಟ ಹಿಡಿದು ಜೊತೆಗೆ ಹೋಗಿದ್ದೆ. ದೋಣಿ ನಡುಹೊಳೆಗೆ ಬಂದಾಗ ಅವರು ಕೈಯೆತ್ತಿ ಗುಡ್ಡದ ಮೇಲಿನ ಕಪ್ಪಾದ ಗೋಡೆಯನ್ನು ತೋರಿಸಿ, “ನೋಡು ಮಗಾ, ಅದು ಇಕ್ಕೇರಿಯವರ ಕೋಟೆ. ಈ ಹೊಳೆಯಿಂದ ಈಚೆ ನಮ್ಮದು, ಆಚೆ ಮಲೆಯಾಳ” ಎಂದರು. ಮಲೆಯಾಳದಲ್ಲಿ ನಮ್ಮ ಇಕ್ಕೇರಿಯವರ ಕೋಟೆ ಹೇಗೆ ಬಂತೆಂದು ಕೇಳುವ ಬುದ್ಧಿ ನನಗಾಗ ಇರಲಿಲ್ಲ. ಆ ಎರಡು ವಾಕ್ಯಗಳು ಒಂದಕ್ಕೊಂದು ಹೊಂದುವುದಿಲ್ಲವೆಂಬುದು ಹೊಳೆಯುವುದಕ್ಕೆ ಎಷ್ಟೋ ವರ್ಷಗಳು ಬೇಕಾದುವು.

ಮುಂದೆ ನಾನು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಅಧ್ಯಾಪಕನಾದೆ. ಸಮಾಜಶಾಸ್ತ್ರ ನನ್ನ ಪಾಲಿಗೆ ಬಂದ ವಿಷಯ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಅದರ ಮರುವರ್ಷ ಏಳನೆಯ ತರಗತಿಯ ಮಕ್ಕಳನ್ನು ಕೋಟೆ ನೋಡಲು ಕರೆದೊಯ್ದೆ. ಬುತ್ತಿ ಕಟ್ಟಿಕೊಂಡು ಬಂದಿದ್ದ ಮಕ್ಕಳೆಲ್ಲರೂ ಕೋಟೆಯ ಗೋಡೆಯ ನೆರಳಿನಲ್ಲಿ ಕುಳಿತಿದ್ದರು. ನಾನು ಉತ್ಸಾಹದಿಂದ ಪಾಠ ಆರಂಭಿಸಿದೆ. ಕೆಳದಿಯ ಅರಸರು, ಶಿವಪ್ಪನಾಯಕ, ಪೋರ್ಚುಗೀಸರ ಪರಾಭವ, ಎಲ್ಲವನ್ನೂ ಹೇಳಿ, “ಇದು ಕನ್ನಡದ ಅರಸ ಕಟ್ಟಿಸಿದ ಕೋಟೆ. ಇದು ನಮ್ಮದು. ಇದನ್ನು ನೀವು ಮರೆಯಕೂಡದು” ಎಂದು ಮುಗಿಸಿದೆ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗ ಎದ್ದು ನಿಂತ. ಮನೆಯಲ್ಲಿ ಮಲಯಾಳ ಮಾತನಾಡುವ ಮುಸಲ್ಮಾನ ಕುಟುಂಬದ ಹುಡುಗ ಅವನು. ಹತ್ತಿರದ ಶಾಲೆ ಎಂಬ ಕಾರಣಕ್ಕೆ ಕನ್ನಡ ಮಾಧ್ಯಮಕ್ಕೆ ಸೇರಿದ್ದ. ಅಕ್ಷರ ದುಂಡಗೆ ಬರೆಯುತ್ತಿದ್ದ. “ಮಾಷ್ಟ್ರೇ, ನನ್ನ ಉಮ್ಮನ ಮನೆ ಈ ಗುಡ್ಡದ ಬುಡದಲ್ಲೇ ಇರುವುದು. ಹಾಗಾದರೆ ಇದು ನಮ್ಮದಲ್ಲವಾ?” ಎಂದು ಕೇಳಿದ.

ಅವನು ಕೇಳಿದುದರಲ್ಲಿ ಕುಚೋದ್ಯವಿರಲಿಲ್ಲ. ಉತ್ತರ ಬೇಕಾಗಿಯೇ ಕೇಳಿದ್ದ. ನಾನು ಕೈಗಡಿಯಾರ ನೋಡಿಕೊಂಡು, “ಹೊತ್ತಾಯಿತು, ಎಲ್ಲರೂ ಸಾಲಾಗಿ ನಿಲ್ಲಿ” ಎಂದೆ. ಹುಡುಗ ಸಾಲಿನಲ್ಲಿ ನಿಂತ. ಗುಡ್ಡ ಇಳಿಯುವಾಗ ಉಳಿದ ಮಕ್ಕಳು ಗಲಾಟೆ ಮಾಡುತ್ತಿದ್ದರು; ಅವನು ಮಾತನಾಡಲಿಲ್ಲ. ಅಧ್ಯಾಪಕ ವೃತ್ತಿಯಲ್ಲಿ ನಾನು ಮಾಡಿದ ತಪ್ಪುಗಳು ಅನೇಕ. ಬೆತ್ತದಿಂದ ಹೊಡೆದುದನ್ನು ಮಕ್ಕಳು ಮರೆತಾರು. ಉತ್ತರವಿಲ್ಲದೆ ಕುಳ್ಳಿರಿಸಿದುದನ್ನು ಮರೆಯಲಾರರೆಂದು ಈಗ ನನಗೆ ಅನ್ನಿಸುತ್ತದೆ.

ಕೋಟೆಯನ್ನು ಕಟ್ಟಿಸಿದವರು

ಚಂದ್ರಗಿರಿ ನದಿಯು ಪೂರ್ವಕಾಲದಲ್ಲಿ ತುಳುನಾಡಿಗೂ ಕೋಲತ್ತುನಾಡಿಗೂ ನಡುವಣ ಎಲ್ಲೆಯೆಂದು ಪ್ರಸಿದ್ಧವಾಗಿತ್ತು. ನದಿಯ ಬಡಗಣ ದಿಕ್ಕಿನಲ್ಲಿ ಕುಂಬಳೆಯ ಅರಸರು, ತೆಂಕಣ ದಿಕ್ಕಿನಲ್ಲಿ ಕೋಲತ್ತಿರಿ ಅರಸರು ಮತ್ತು ನೀಲೇಶ್ವರದ ಅರಸರು ಆಳುತ್ತಿದ್ದರು. ತುಳುನಾಡು ವಿಜಯನಗರ ಸಾಮ್ರಾಜ್ಯಕ್ಕೆ ಸೇರಿದಾಗ ಚಂದ್ರಗಿರಿಯ ಆಸುಪಾಸಿನ ಪ್ರದೇಶ ಕೋಲತ್ತಿರಿಯ ಕೈತಪ್ಪಿತು. 1565ರ ಯುದ್ಧದ ಬಳಿಕ ವಿಜಯನಗರ ಕುಗ್ಗಿತು. ಅದರ ಸಾಮಂತರಾಗಿದ್ದ ಕೆಳದಿಯ ನಾಯಕರು ಕ್ರಮೇಣ ಸ್ವತಂತ್ರರಾದರು. ಅವರ ರಾಜಧಾನಿ ಮೊದಲು ಕೆಳದಿ, ಬಳಿಕ ಇಕ್ಕೇರಿ, ಕೊನೆಗೆ ಬಿದನೂರು. ರಾಜಧಾನಿ ಬದಲಾದರೂ ನಮ್ಮ ಕರಾವಳಿಯ ಜನ ಅವರನ್ನು ‘ಇಕ್ಕೇರಿಯವರು’ ಎಂದೇ ಕರೆದರು.

ಈ ವಂಶದ ಅತ್ಯಂತ ಪ್ರಬಲ ಅರಸ ಶಿವಪ್ಪನಾಯಕ. 1645ರಿಂದ 1660ರವರೆಗೆ ಆತನ ಆಳ್ವಿಕೆ. ಭೂಮಿಯನ್ನು ಅದರ ಗುಣಕ್ಕೆ ತಕ್ಕಂತೆ ವಿಂಗಡಿಸಿ ಕಂದಾಯ ಗೊತ್ತುಪಡಿಸಿದ ‘ಶಿಸ್ತು’ ಎಂಬ ಪದ್ಧತಿಯಿಂದ ಆತನ ಹೆಸರು ಇಂದಿಗೂ ಉಳಿದಿದೆ. 1650ರ ದಶಕದಲ್ಲಿ ಆತನು ಮಂಗಳೂರು, ಬಸರೂರು, ಗಂಗೊಳ್ಳಿ, ಹೊನ್ನಾವರಗಳಲ್ಲಿದ್ದ ಪೋರ್ಚುಗೀಸರನ್ನು ಹೊರಗಟ್ಟಿದನು. ಅದೇ ಕಾಲದಲ್ಲಿ ತೆಂಕಣ ಕರಾವಳಿಯ ಉದ್ದಕ್ಕೂ ಕೋಟೆಗಳ ಸಾಲು ಎದ್ದಿತು. ಚಂದ್ರಗಿರಿ ಮತ್ತು ಬೇಕಲದ ಕೋಟೆಗಳನ್ನು ಆತನ ಹೆಸರಿಗೆ ಸಲ್ಲಿಸುವುದು ವಾಡಿಕೆ. ಮುಂದೆ 18ನೆಯ ಶತಮಾನದಲ್ಲಿ ಸೋಮಶೇಖರನಾಯಕನ ಕಾಲದಲ್ಲಿ ಇನ್ನೂ ತೆಂಕಕ್ಕೆ ಹೊಸದುರ್ಗದ ಕೋಟೆ ಕಟ್ಟಲ್ಪಟ್ಟಿತು. ಆ ಊರಿನ ಹೆಸರೇ ಅದಕ್ಕೆ ಸಾಕ್ಷಿ.

ಇಷ್ಟು ಕೋಟೆಗಳು ಏತಕ್ಕೆ? ಶತ್ರುಭಯ ಒಂದು ಕಾರಣ. ಆದರೆ ಭಯ ಮಾತ್ರವೇ ಇಷ್ಟು ಕಲ್ಲನ್ನು ಗುಡ್ಡ ಹತ್ತಿಸಲಾರದು. ಕನ್ನಡ ಕರಾವಳಿಯ ಅಕ್ಕಿ ಅಂದು ಮಲಬಾರಿಗೂ ಗೋವೆಗೂ ಅರಬಸ್ಥಾನದ ಮಸ್ಕತ್ತಿಗೂ ಹೋಗುತ್ತಿತ್ತು. ಘಟ್ಟದಿಂದ ಕರಿಮೆಣಸು ಇಳಿಯುತ್ತಿತ್ತು. ಈ ಸರಕುಗಳೆಲ್ಲ ಹೊಳೆಯ ದಾರಿಯಲ್ಲಿ ಬಂದು ಅಳಿವೆಯ ಬಾಯಿಯಲ್ಲಿ ಕಡಲಿಗೆ ಸೇರುವುವು. ಅಳಿವೆಯ ಮೇಲೆ ಯಾರ ಕಣ್ಣಿರುವುದೋ ಸುಂಕ ಅವರದು. ಚಂದ್ರಗಿರಿಯ ಕೋಟೆ ನಿಂತಿರುವ ಸ್ಥಳವನ್ನು ಒಮ್ಮೆ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅದು ಅರಸನ ವಾಸಕ್ಕೆ ಕಟ್ಟಿದ ಮನೆಯಲ್ಲ. ಹೊಳೆ, ಕಡವು, ಕಡಲು ಮೂರನ್ನೂ ಒಟ್ಟಿಗೆ ಕಾಯುವ ಕಾವಲುಮನೆ.

1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಅದರೊಂದಿಗೆ ಕರಾವಳಿಯೂ ಮೈಸೂರಿನ ಆಡಳಿತಕ್ಕೆ ಒಳಪಟ್ಟಿತು. 1799ರಲ್ಲಿ ಟಿಪ್ಪುಸುಲ್ತಾನನು ಮಡಿದ ಮೇಲೆ ಕನ್ನಡ ಜಿಲ್ಲೆ ಇಂಗ್ಲಿಷ್ ಕಂಪೆನಿಗೆ ಸೇರಿತು. ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಕಂದಾಯದ ಹಳೆಯ ಲೆಕ್ಕಗಳನ್ನು ಕೆದಕಿದಾಗ ಅವನ ಕೈಗೆ ಸಿಕ್ಕಿದುದು ಇಕ್ಕೇರಿಯವರ ಶಿಸ್ತೇ. ಕೋಟೆಯ ಗೋಡೆಗಳಿಗಿಂತ ಆ ಲೆಕ್ಕದ ಕಡತಗಳು ಹೆಚ್ಚು ಕಾಲ ಕೆಲಸಕ್ಕೆ ಬಂದುವೆಂಬುದು ಚರಿತ್ರೆಯ ಒಂದು ವಿನೋದ.

ಕಲ್ಲು ಹೇಳುವ ಮಾತು

ಚಂದ್ರಗಿರಿಯ ಕೋಟೆ ಮುರಕಲ್ಲಿನದು. ಈ ಕಲ್ಲು ನಮಗೆ ಎಷ್ಟು ಪರಿಚಿತವೆಂದರೆ ಅದರ ವಿಶೇಷವೇ ನಮಗೆ ಕಾಣುವುದಿಲ್ಲ. ನಮ್ಮ ಮನೆ, ಬಾವಿಯ ಕಟ್ಟೆ, ತೋಟದ ಪಾಗಾರ, ದೈವದ ಗುಡಿ, ಮಸೀದಿ, ಶಾಲೆ ಎಲ್ಲವೂ ಇದರಿಂದಲೇ. ನೆಲದೊಳಗಿರುವಾಗ ಇದು ಮೆತ್ತಗಿರುತ್ತದೆ; ಕೊಡಲಿಯಿಂದ ಕಡಿದು ಬೇಕಾದ ಅಳತೆಗೆ ತೆಗೆಯಬಹುದು. ಹೊರಗೆ ತೆಗೆದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಸುಡಬೇಕಾಗಿಲ್ಲದ ಇಟ್ಟಿಗೆ ಎನ್ನಬಹುದು.

ಈ ಕಲ್ಲಿಗೆ ಜಗತ್ತಿನ ಭೂವಿಜ್ಞಾನದಲ್ಲಿ ಹೆಸರು ದೊರೆತುದು ನಮ್ಮ ಈ ಕರಾವಳಿಯಿಂದಲೇ. ಕಂಪೆನಿ ಸರಕಾರದ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದನು. ಆ ವರ್ಷದ ಡಿಸೆಂಬರಿನಲ್ಲಿ ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಜನರು ನೆಲದಿಂದ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡನು. ಊರಿನವರೂ ಅದನ್ನು ‘ಇಟ್ಟಿಗೆ ಕಲ್ಲು’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ‘ಲೇಟರ್’ ಎಂಬ ಶಬ್ದವಿದೆ. ಅಂದರೆ ನಮ್ಮ ಕಲ್ಲು ಕಡಿಯುವವರ ಬಾಯಿಮಾತೇ ಲ್ಯಾಟಿನಿನ ವೇಷ ತೊಟ್ಟು ಪ್ರಪಂಚದ ಪಠ್ಯಪುಸ್ತಕಗಳಿಗೆ ಹೋಯಿತು.

ಅಂಗಾಡಿಪುರದಿಂದ ಬುಕಾನನ್ ಉತ್ತರಕ್ಕೆ ಬಂದನು. 1801ರ ಜನವರಿಯಲ್ಲಿ ಹೊಸದುರ್ಗ, ಬೇಕಲಗಳನ್ನು ಹಾದು ಚಂದ್ರಗಿರಿಗೆ ತಲಪಿದನು. ನದಿಯ ತೆಂಕಣ ದಡದಲ್ಲಿ ಎತ್ತರದಲ್ಲಿರುವ ಈ ಚೌಕದ ಕೋಟೆಯನ್ನು ಗುರುತಿಸಿ, ಇದನ್ನು ಇಕ್ಕೇರಿಯ ಶಿವಪ್ಪನಾಯಕನು ಕಟ್ಟಿಸಿದುದೆಂದು ಬರೆದಿಟ್ಟನು. ಈ ನದಿಯೇ ಮಲೆಯಾಳದ ಬಡಗಣ ಮೇರೆಯೆಂದೂ ಅವನು ಹೇಳುತ್ತಾನೆ. ಆಗ ಶಿವಪ್ಪನಾಯಕನು ತೀರಿಕೊಂಡು 140 ವರ್ಷಗಳು ಸಂದಿದ್ದುವು. ಆದರೂ ಕಟ್ಟಿಸಿದವನ ಹೆಸರು ಹೊಳೆಯ ದಡದ ಜನರ ನೆನಪಿನಲ್ಲಿತ್ತು.

ಕಟ್ಟಿಸಿದವನ ಹೆಸರು ಉಳಿಯಿತು. ಕಟ್ಟಿದವರ ಹೆಸರು? ಕಲ್ಲನ್ನು ಕಡಿದವರು, ಹೊತ್ತವರು, ಸುಣ್ಣ ಅರೆದವರು, ಸೈನಿಕರಿಗೆ ಅಕ್ಕಿ ಕುಟ್ಟಿಕೊಟ್ಟವರು ಯಾರು? ಬಿದನೂರಿನಿಂದ ಘಟ್ಟ ಇಳಿದು ಬಂದುದು ಅಪ್ಪಣೆ ಮತ್ತು ದಂಡು. ಕಲ್ಲು ಬಂದುದು ಈ ನೆಲದಿಂದ. ಕಲ್ಲನ್ನು ಕಡಿಯುವ ಕೈಗಳೂ ಬಹುಪಾಲು ಈ ನೆಲದವೇ ಆಗಿದ್ದಿರಬೇಕು. 1985ರ ನನ್ನ ಪಾಠದಲ್ಲಿ ಅರಸನಿದ್ದ, ಶತ್ರುವಿದ್ದ, ಇಸವಿಯಿತ್ತು, ಈ ಜನರಿರಲಿಲ್ಲ. ಗುಡ್ಡದ ಬುಡದಲ್ಲಿ ಉಮ್ಮನ ಮನೆಯಿದ್ದ ಆ ಹುಡುಗ ಕೇಳಿದುದು ಪ್ರಾಯಶಃ ಇವರ ಪರವಾಗಿಯೇ.

ನದಿ ಗೋಡೆಯಾದ ಬಗೆ

ಚಂದ್ರಗಿರಿಯನ್ನು ಎಲ್ಲೆಯೆಂದು ಹೇಳಿದವರು ಅನೇಕರು. ಮಲಬಾರಿನ ನಾಯರ್ ಸ್ತ್ರೀಯರು ಈ ನದಿಯನ್ನು ದಾಟಕೂಡದೆಂಬ ಕಟ್ಟಳೆಯಿತ್ತೆಂದು 19ನೆಯ ಶತಮಾನದ ಇಂಗ್ಲಿಷ್ ಅಧಿಕಾರಿಗಳು ತಮ್ಮ ಜಿಲ್ಲಾ ಕೈಪಿಡಿಗಳಲ್ಲಿ ದಾಖಲಿಸಿದ್ದಾರೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ತುಳುಭಾಷೆಯ ಕ್ಷೇತ್ರವನ್ನು ಚಂದ್ರಗಿರಿ ಮತ್ತು ಕಲ್ಯಾಣಪುರ ನದಿಗಳ ನಡುವಣದೆಂದು ನಿರ್ದೇಶಿಸಿದನು.

ನಮ್ಮ ಕಾಲದಲ್ಲಿ ಈ ಎಲ್ಲೆ ರಾಜಕೀಯದ ಮಾತಾಯಿತು. ಕಾಸರಗೋಡು ತಾಲೂಕು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1955ರಲ್ಲಿ ವರದಿಯಿತ್ತ ಫಜಲ್ ಅಲಿ ಆಯೋಗವು ಅದನ್ನು ಕೇರಳಕ್ಕೆ ಸೇರಿಸಬೇಕೆಂದಿತು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಅಂದು ಕಾಸರಗೋಡಿನಲ್ಲಿ ಕಾಣಿಸಿಕೊಂಡ ದುಃಖ, ಮುಂದೆ ನಡೆದ ಹೋರಾಟ, ಅದರಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳಂಥ ಹಿರಿಯರು ವಹಿಸಿದ ಪಾತ್ರ ಇವೆಲ್ಲ ಈ ಸಂಚಿಕೆಯ ಓದುಗರಿಗೆ ಹೊಸತಲ್ಲ. ಆಗ ನಾನು ಇನ್ನೂ ಮಗ್ಗಿ ಕಲಿಯುತ್ತಿದ್ದ ಹುಡುಗ. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷ ವರದಿ ಕೊಟ್ಟು, ಚಂದ್ರಗಿರಿಯಿಂದ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಆ ಸುದ್ದಿಯಿದ್ದ ಪತ್ರಿಕೆಯನ್ನು ತೀರ್ಥರೂಪರು ನನ್ನಿಂದ ಎರಡು ಸಲ ಗಟ್ಟಿಯಾಗಿ ಓದಿಸಿದರು. ಎರಡನೆಯ ಸಲ ಓದುವಾಗ ಅವರ ಕಣ್ಣು ಒದ್ದೆಯಾಗಿತ್ತು. ಶಿಫಾರಸು ಶಿಫಾರಸಾಗಿಯೇ ಉಳಿಯಿತು. ‘ಚಂದ್ರಗಿರಿಯ ಉತ್ತರಕ್ಕೆ’ ಎಂಬ ನುಡಿ ಮಾತ್ರ ನಮ್ಮ ಸಭೆಗಳಲ್ಲಿ, ನಿರ್ಣಯಗಳಲ್ಲಿ ಮಂತ್ರದಂತೆ ಉಳಿಯಿತು. ನಾನೂ ಅದನ್ನು ನೂರಾರು ಸಲ ಉಚ್ಚರಿಸಿದ್ದೇನೆ. ಅದರ ಹಿಂದಿನ ನೋವು ನಿಜವಾದುದು. ಅದನ್ನು ಹಗುರಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಕೋಟೆಯ ಮೇಲೆ ನಿಂತು ನೋಡುವಾಗ ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಈ ಕೋಟೆ ನದಿಯ ತೆಂಕಣ ದಡದಲ್ಲಿದೆ. ಅಂದರೆ ನಾವು ‘ನಮ್ಮ ಎಲ್ಲೆ’ ಎಂದು ಹೇಳುವ ಗೆರೆಯ ಆಚೆ ಇದೆ. ಬೇಕಲವೂ ಹೊಸದುರ್ಗವೂ ಇನ್ನೂ ಆಚೆ ಇವೆ. ಇಕ್ಕೇರಿಯವರಿಗೆ ನದಿ ಮುಗಿಯುವ ಜಾಗವಾಗಿರಲಿಲ್ಲ, ದಾಟುವ ಜಾಗವಾಗಿತ್ತು. ಆ ಕೋಟೆಗಳ ಕಾವಲಿಗೆಂದು ಬಂದ ರಾಮಕ್ಷತ್ರಿಯರ ಸಂತತಿ ಇಂದಿಗೂ ಬೇಕಲ, ಹೊಸದುರ್ಗಗಳಲ್ಲಿ ನೆಲೆಸಿದೆ. ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡಿದೆ. ಮಹಾಜನ ವರದಿ ಜಾರಿಗೆ ಬಂದಿದ್ದರೂ ಈ ಕನ್ನಡಿಗರು ಗೆರೆಯ ಆಚೆಯೇ ಉಳಿಯುತ್ತಿದ್ದರು. ಗೆರೆಯ ಈಚೆ, ಕಾಸರಗೋಡು, ಕುಂಬಳೆ, ಮಂಜೇಶ್ವರಗಳಲ್ಲಿ ತಲೆಮಾರುಗಳಿಂದ ಮಲಯಾಳ ನುಡಿಯುವ ಮನೆಗಳು ಇದ್ದುವು, ಈಗಲೂ ಇವೆ. ಅವರೊಂದಿಗೆ ತುಳು, ಕೊಂಕಣಿ, ಬ್ಯಾರಿ, ಮರಾಟಿ, ಉರ್ದು ಆಡುವವರೂ ಇದ್ದಾರೆ. ಹೊಳೆ ನೀರನ್ನು ಎರಡು ದಡಗಳ ನಡುವೆ ಹಿಡಿದಿಟ್ಟೀತು, ಮಾತನ್ನು ಹಿಡಿದಿಡಲಾರದು.

ಇನ್ನೊಂದು ವಿಚಾರವನ್ನು ನಮ್ಮ ಯುವಕರು ತಿಳಿದಿರಬೇಕು. ರಾಜ್ಯಗಳ ಪುನರ್ವಿಂಗಡಣೆಗಾಗಿ ಸಂವಿಧಾನಕ್ಕೆ ತಂದ ಏಳನೆಯ ತಿದ್ದುಪಡಿ ಜಾರಿಗೆ ಬಂದುದು ಅದೇ 1956ರ ನವೆಂಬರ್ 1ರಂದು. ಅದೇ ತಿದ್ದುಪಡಿಯ ಮೂಲಕ 350ಎ ಎಂಬ ಅನುಚ್ಛೇದವೂ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ವಿಧಿಸುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿಯೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಹಕ್ಕಿಗೆ ಅವಕಾಶವಿದೆ. ನಮ್ಮನ್ನು ನೋಯಿಸಿದ ದಿನವೇ ನಮ್ಮ ಕೈಗೆ ಒಂದು ಹಕ್ಕನ್ನೂ ಕೊಟ್ಟಿತು. ನೋವನ್ನು ನಾವು ವರ್ಷವರ್ಷವೂ ನೆನೆದೆವು. ಹಕ್ಕನ್ನು ಅಷ್ಟೇ ಶ್ರದ್ಧೆಯಿಂದ ಬಳಸಿದೆವೇ? ಕನ್ನಡದಲ್ಲಿ ಅರ್ಜಿ ಬರೆದು ಕಚೇರಿಗೆ ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ? ಮೊಮ್ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿದವರು ಎಷ್ಟು ಮಂದಿ? ಈ ಪ್ರಶ್ನೆಯನ್ನು ಬೇರೆಯವರಿಗೆ ಹಾಕುವ ಮೊದಲು ನನಗೇ ಹಾಕಿಕೊಳ್ಳುತ್ತೇನೆ. ನನ್ನ ಮೊಮ್ಮಗ ಓದುವುದು ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ.

ಇತ್ತೀಚಿನ ಭೇಟಿ

ಕಳೆದ ಬೇಸಿಗೆ ರಜೆಯಲ್ಲಿ ಆ ಮೊಮ್ಮಗನನ್ನು ಕರೆದುಕೊಂಡು ಮತ್ತೊಮ್ಮೆ ಕೋಟೆಗೆ ಹೋದೆ. ಬಿಸಿಲಿಗೆ ಅಂಜಿ ಸಂಜೆ ನಾಲ್ಕರ ಬಳಿಕ ಹೊರಟೆವು. ಈಗ ಕಡವಿಲ್ಲ, ಸೇತುವೆಯ ಮೇಲೆ ಬಸ್ಸು ಎರಡು ನಿಮಿಷದಲ್ಲಿ ಹೊಳೆ ದಾಟುತ್ತದೆ. ಮೇಲ್ಪರಂಬದಲ್ಲಿ ಇಳಿದು ನಡೆದೆವು. ಮೊಣಕಾಲು ನೋವಿನಿಂದ ನಾನು ಎರಡು ಕಡೆ ಕುಳಿತೆ. ಮೊಮ್ಮಗ ಓಡಿ ಮುಂದೆ ಹೋಗಿ, ಹಿಂದಿರುಗಿ ಬಂದು, ನನ್ನ ಕೈಹಿಡಿದು ಹತ್ತಿಸಿದ.

ಕೋಟೆ ಈಗ ಕೇರಳ ರಾಜ್ಯ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಒಳಗೆ ಅರಮನೆಯಾಗಲಿ ಸಿಂಹಾಸನವಾಗಲಿ ಇಲ್ಲ. ಹುಲ್ಲು ಬೆಳೆದ ಬಯಲು, ಅದನ್ನು ಸುತ್ತುವರಿದ ಮುರಕಲ್ಲಿನ ಗೋಡೆ, ಮೂಲೆಗಳಲ್ಲಿ ಕೊತ್ತಳಗಳು, ಅಷ್ಟೆ. ಮಳೆಗಾಲದ ಪಾಚಿ ಒಣಗಿ ಗೋಡೆ ಕಪ್ಪಾಗಿರುತ್ತದೆ. ಕಪ್ಪಿನ ಪದರ ಎದ್ದ ಕಡೆ ಒಳಗಿನ ಕೆಂಪು ಇಂದು ಕಡಿದಂತೆ ಕಾಣುತ್ತದೆ.

ಗೋಡೆಯ ಮೇಲೆ ನಿಂತರೆ ಕಾಣುವ ನೋಟಕ್ಕೆ ಸಮನಾದುದು ಜಿಲ್ಲೆಯಲ್ಲಿ ವಿರಳ. ಕೆಳಗೆ ಹೊಳೆ ಅಗಲವಾಗಿ, ಆತುರವಿಲ್ಲದೆ ಹರಿಯುತ್ತದೆ. ನಡುವೆ ತೆಂಗು ತುಂಬಿದ ಕುದುರುಗಳು. ಆಚೆ ದಡದಲ್ಲಿ ಹಸುರಿನ ಎಡೆಯಿಂದ ತಲೆಯೆತ್ತುವ ಕಾಸರಗೋಡು ಪಟ್ಟಣ. ಅಲ್ಲಿಂದ ಪಡುವಣಕ್ಕೆ ಕಣ್ಣು ಹಾಯಿಸಿದರೆ ಮಾಲಿಕ್ ದೀನಾರ್ ಮಸೀದಿಯಿರುವ ತಳಂಗರೆ. ಈಚೆ ದಡದಲ್ಲಿ ಶಾಸ್ತಾರನ ಸನ್ನಿಧಿಯಿರುವ ಕೀಯೂರು. ಇವೆರಡರ ನಡುವೆ ಹೊಳೆ ಕಡಲಿಗೆ ಬಾಯ್ದೆರೆಯುತ್ತದೆ. 1907ರಲ್ಲಿ ಮಂಗಳೂರನ್ನು ಮುಟ್ಟಿದ ರೈಲುದಾರಿಯ ಸೇತುವೆಯೂ ಕಾಣುತ್ತದೆ. ನಾವು ನೋಡುತ್ತಿದ್ದಂತೆಯೇ ತೆಂಕಕ್ಕೆ ಒಂದು ರೈಲು ಹೋಯಿತು. ಒಂದು ಕಾಲದಲ್ಲಿ ಹೆಂಗಸರು ದಾಟಕೂಡದೆಂದಿದ್ದ ಹೊಳೆಯನ್ನು ಈಗ ಕಾಲೇಜಿನ ಹೆಣ್ಣುಮಕ್ಕಳು ದಿನಕ್ಕೆ ಎರಡು ಬಾರಿ, ಕಿಟಕಿಯ ಹೊರಗೆ ನೋಡುವ ಗೋಜಿಗೂ ಹೋಗದೆ ದಾಟುತ್ತಾರೆ.

ಸೂರ್ಯ ಕಡಲಿಗೆ ಇಳಿಯುವ ಹೊತ್ತಿಗೆ ಕೆಲವು ಸ್ಥಳೀಯ ಹುಡುಗರು ಚೆಂಡು ಹಿಡಿದುಕೊಂಡು ಬಂದರು. ನನ್ನ ಮೊಮ್ಮಗನನ್ನೂ ಆಟಕ್ಕೆ ಸೇರಿಸಿಕೊಂಡರು. ಅವನಿಗೆ ಮಲಯಾಳ ಬಾರದು, ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಆಟಕ್ಕೆ ಅದರಿಂದ ಅಡ್ಡಿಯಾಗಲಿಲ್ಲ. ಆಟ ಮುಗಿದ ಮೇಲೆ ಅವನು ಬೆವರೊರೆಸಿಕೊಳ್ಳುತ್ತಾ ನನ್ನ ಬಳಿ ಕುಳಿತು ಕೇಳಿದ: “ಅಜ್ಜಾ, ಈ ಕೋಟೆ ಯಾರದು?”

ನಾಲ್ಕು ದಶಕಗಳ ಬಳಿಕ ಅದೇ ಪ್ರಶ್ನೆ ಮತ್ತೊಂದು ಬಾಯಿಯಿಂದ ಬಂದಿತ್ತು. ಈ ಸಲ ನಾನು ಗಡಿಯಾರ ನೋಡಲಿಲ್ಲ. ಕಟ್ಟಿಸಿದವನು ಕನ್ನಡದ ಅರಸ, ಅದನ್ನು ಮರೆಯಬೇಡ ಎಂದೆ. ಕಲ್ಲು ಈ ನೆಲದ್ದು, ಕಟ್ಟಿದವರಲ್ಲಿ ಹೆಚ್ಚಿನವರು ಇಲ್ಲಿನವರು, ಅದನ್ನೂ ಮರೆಯಬೇಡ ಎಂದೆ. ಅನ್ನ ಹಾಕಿದುದು ಎರಡೂ ದಡದ ಗದ್ದೆ. ಈಗ ಕಾಯುತ್ತಿರುವುದು ಕೇರಳದ ಸರಕಾರ. ಇಲ್ಲಿ ದಿನವೂ ಬಂದು ಆಡುವವರು ಈ ಹುಡುಗರು. ಇವರಲ್ಲಿ ಯಾರನ್ನು ಬಿಟ್ಟು ಹೇಳಿದರೂ ಲೆಕ್ಕ ತಪ್ಪುತ್ತದೆ. ‘ನಮ್ಮದು’ ಎಂದು ಹೇಳುವುದಕ್ಕೆ ‘ನಿಮ್ಮದಲ್ಲ’ ಎಂದು ಸೇರಿಸಬೇಕಾಗಿಲ್ಲ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟು ಜನರದ್ದಾದರೆ ನೋಡಲು ಯಾರೂ ಯಾಕೆ ಬರುವುದಿಲ್ಲ?” ಎಂದ. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅದನ್ನು ಸಂಘದ ಮುಂದೆ ಇಡುತ್ತಿದ್ದೇನೆ.

ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ವರ್ಷಕ್ಕೊಮ್ಮೆಯಾದರೂ ನಮ್ಮ ಮನೆಯ ಮಕ್ಕಳನ್ನು ಚಂದ್ರಗಿರಿಯ ಗುಡ್ಡಕ್ಕೆ ಕರೆದೊಯ್ಯೋಣ. ಅಲ್ಲಿ ಕನ್ನಡದಲ್ಲಿ ಅವರಿಗೆ ಈ ಚರಿತ್ರೆಯನ್ನು ಹೇಳೋಣ. ಮಗುವೊಂದು ಮನೆಯ ಭಾಷೆಯಲ್ಲಿ ತನ್ನ ಊರಿನ ಕಥೆಯನ್ನು ಕೇಳಿದರೆ ಆ ಭಾಷೆ ಅದಕ್ಕೆ ಪರೀಕ್ಷೆಯ ವಿಷಯವಾಗಿ ಉಳಿಯದೆ ಕಣ್ಣಾಗುತ್ತದೆ. ಆ ದಿನ ಗುಡ್ಡದ ಬುಡದ ಮನೆಗಳ ಮಕ್ಕಳನ್ನೂ ಜೊತೆಗೆ ಕರೆಯೋಣ. ಅವರ ಅಜ್ಜ ಅಜ್ಜಿಯರು ಈ ಕೋಟೆಯ ಬಗೆಗೆ ಹೇಳುವ ಕಥೆಗಳು ನಮ್ಮ ಯಾವ ಪುಸ್ತಕದಲ್ಲಿಯೂ ಇಲ್ಲ. ಅವುಗಳನ್ನು ಬರೆದುಕೊಂಡರೆ ಮುಂದಿನ ಸ್ಮರಣ ಸಂಚಿಕೆಗೆ ಒಳ್ಳೆಯ ಸಾಮಗ್ರಿಯಾದೀತು.

ಆ ಹುಡುಗ ಈಗ ಐವತ್ತು ದಾಟಿದವನಾಗಿರಬೇಕು. ಶಾಲೆ ಬಿಟ್ಟ ಮೇಲೆ ದುಬಾಯಿಗೆ ಹೋದನೆಂದು ಕೇಳಿದ್ದೆ, ಆಮೇಲೆ ಸುದ್ದಿಯಿಲ್ಲ. ಅವನ ದುಂಡಗಿನ ಕನ್ನಡ ಅಕ್ಷರ ನನಗಿನ್ನೂ ನೆನಪಿದೆ. ಈ ಸಂಚಿಕೆ ಹೇಗಾದರೂ ಅವನ ಕೈಗೆ ಸಿಕ್ಕಿ, ಅವನು ಅದನ್ನು ಓದಬಲ್ಲವನಾಗಿಯೇ ಉಳಿದಿದ್ದರೆ, ಅವನಿಗೆ ಹೇಳಬೇಕಾದ ಮಾತು ಒಂದೇ: ಹೌದು ಮಗೂ, ಅದು ನಿಮ್ಮದೂ ಹೌದು. ಅಂದೇ ಹೇಳಬೇಕಾಗಿತ್ತು.